ಎನ್ವಿರಾನ್‌ಮೆಂಟಲ್ ಹೆಲ್ತ್ ಗ್ರಾಂಟು: ದುಡ್ಡಿಗೆ ಮೂರು ಸ್ಟಾರು, ಜೊತೆಗೆ ಬರೋ ಜನಕ್ಕೆ ಐದು

ಅಮೆರಿಕದಲ್ಲಿ ಎಂಪಿಎಚ್ (ಪಬ್ಲಿಕ್ ಹೆಲ್ತ್ ಮಾಸ್ಟರ್ಸ್ ಡಿಗ್ರಿ) ಮುಗಿಸಿ ಕೌಂಟಿ (ನಮ್ಮ ಜಿಲ್ಲೆ ಇದ್ದ ಹಾಗೆ) ಹೆಲ್ತ್ ಡಿಪಾರ್ಟ್‌ಮೆಂಟ್ ಸೇರ್ಕೊಳ್ತಿರೋ ನಮ್ಮ ಹುಡುಗ್ರು ಹುಡುಗೀರು ಈಚೆಗೆ ಅಲ್ಲಲ್ಲಿ ಸಿಗ್ತಿದಾರೆ. ಸೇರಿ ಇನ್ನೂ ಸರಿಯಾಗಿ ಕುರ್ಚಿ ಬಿಸಿ ಆಗಿರಲ್ಲ, ಅಷ್ಟರಲ್ಲಿ ಬಾಸ್ ಬಂದು ಯಾವುದೋ ಫೆಡರಲ್ ಗ್ರಾಂಟ್ ಬಿಟ್ಟಿದಾರಂತೆ ನೀನೇ ನೋಡು ಅಂತ ತಲೆಗೆ ಕಟ್ಟಿ ಹೋಗ್ತಾರೆ, ಆಮೇಲೆ ನಂಗೆ ಮೆಸೇಜ್ ಬರುತ್ತೆ, ಅಣ್ಣಾ ಇದಕ್ಕೆ ಅಪ್ಲೈ ಮಾಡಿದ್ರೆ ಏನಾದ್ರೂ ಪ್ರಯೋಜನ ಇದೆಯಾ, ಇಲ್ಲಾ ಸುಮ್ನೆ ಟೈಮ್ ವೇಸ್ಟಾ ಅಂತ. ಒಬ್ಬೊಬ್ಬರಿಗೆ ಟೈಪ್ ಮಾಡಿ ಮಾಡಿ ಸಾಕಾಯ್ತು, ಅದಕ್ಕೆ ಎಲ್ಲಾ ಸೇರಿಸಿ ಒಂದೇ ರಿವ್ಯೂ ಬರೀತಿದೀನಿ. ನಾನೂ ಕೌಂಟಿ ಎನ್ವಿರಾನ್‌ಮೆಂಟಲ್ ಹೆಲ್ತ್ ವಿಭಾಗದಲ್ಲೇ ಇರೋದು, ಗ್ರಾಂಟ್ ಬರೆದಿದೀನಿ, ಸಿಕ್ಕಿದೆ, ರಿಜೆಕ್ಟೂ ಆಗಿದೆ.

ಸ್ಟಾರ್ ಲೆಕ್ಕ ಮೊದಲೇ ಹೇಳ್ತೀನಿ. ದುಡ್ಡಿಗೆ ಮೂರು. ಅಪ್ಲಿಕೇಶನ್ ಹಾಕೋ ವ್ಯವಸ್ಥೆಗೆ ಒಂದೂವರೆ, ಅದೂ ದಾಕ್ಷಿಣ್ಯಕ್ಕೆ. ದುಡ್ಡಿನ ಜೊತೆ ಬರೋ ಜನ ಇದಾರಲ್ಲ, ಅಂದ್ರೆ ಪ್ರಾಜೆಕ್ಟ್ ಆಫೀಸರ್ರು, ಮೆಂಟರ್ರು, ಫೋನ್ ಮಾಡಿದ್ರೆ ಎತ್ತಿ ಉತ್ತರ ಹೇಳೋ ಎಕ್ಸ್‌ಪರ್ಟುಗಳು, ಅವರಿಗೆ ಐದಕ್ಕೆ ಐದು. ಎಲ್ರೂ ಅಮೌಂಟ್ ಎಷ್ಟು ಅಂತ ಮಾತ್ರ ಕೇಳ್ತಾರೆ, ಈ ಕೊನೇದರ ಬೆಲೆ 2025ರ ತನಕ ಬಹಳ ಜನಕ್ಕೆ ಗೊತ್ತೇ ಇರ್ಲಿಲ್ಲ. ಅದಕ್ಕೆ ಆಮೇಲೆ ಬರ್ತೀನಿ.

ಮೊದಲು ಗ್ರಾಂಟ್ ಯಾಕೆ ಬೇಕು ಅನ್ನೋದು. ನಮ್ಮ ವಿಭಾಗದ ಕೆಲಸ ಅಂದ್ರೆ ರೆಸ್ಟೋರೆಂಟ್ ಇನ್ಸ್‌ಪೆಕ್ಷನ್, ಸ್ವಿಮ್ಮಿಂಗ್ ಪೂಲು, ಸೆಪ್ಟಿಕ್ ಟ್ಯಾಂಕು, ಮನೆ ಬಾವಿ ನೀರು, ಹಳೇ ಮನೆಗಳ ಸೀಸದ ಪೇಂಟು, ಸೊಳ್ಳೆ, ಬೇಸಿಗೆಯ ಬಿಸಿಗಾಳಿ, ಹೀಗೆ ಉದ್ದ ಇದೆ. ಇದರಲ್ಲಿ ರೆಸ್ಟೋರೆಂಟು, ಪೂಲು, ಸೆಪ್ಟಿಕ್ಕಿಗೆ ಪರ್ಮಿಟ್ ಫೀ ಬರುತ್ತೆ, ಬಹಳ ಕಡೆ ಇನ್ಸ್‌ಪೆಕ್ಟರುಗಳ ಸಂಬಳದ ದೊಡ್ಡ ಪಾಲು ಆ ಫೀಯಿಂದಲೇ ಹುಟ್ಟಬೇಕು. ಹಾಗಾಗಿ ಫೀ ಇರೋ ಕೆಲಸ ನಡೆಯುತ್ತೆ, ಫೀ ಇಲ್ಲದ ಕೆಲಸ ಬಿದ್ದಿರುತ್ತೆ. ಮನೆ ಬಾವಿ ತಗೊಳ್ಳಿ. 1974ರ ಸೇಫ್ ಡ್ರಿಂಕಿಂಗ್ ವಾಟರ್ ಆಕ್ಟ್ ಪಬ್ಲಿಕ್ ನೀರಿನ ವ್ಯವಸ್ಥೆಗೆ ಮಾತ್ರ ಅನ್ವಯ, ಸ್ವಂತ ಬಾವಿ ಇಟ್ಕೊಂಡಿರೋರಿಗೆ ಅದು ತಾಗೋದೇ ಇಲ್ಲ, ಅಂಥವರು ದೇಶದಲ್ಲಿ 4 ಕೋಟಿಗೂ ಹೆಚ್ಚು ಜನ ಇದಾರೆ. ಪಬ್ಲಿಕ್ ನೀರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ದಾಟಬಾರದು, ನೈಟ್ರೇಟ್ 10 ಮಿಲಿಗ್ರಾಂ ದಾಟಬಾರದು ಅಂತ ಫೆಡರಲ್ ಲಿಮಿಟ್ ಇದೆ, ಆದ್ರೆ ಹೊಲದ ಪಕ್ಕದ ಮನೆಯ ಬಾವೀಲಿ ನೈಟ್ರೇಟ್ ಎಷ್ಟಿದೆ ಅಂತ ಆ ಮನೆಯವರೇ ದುಡ್ಡು ಕೊಟ್ಟು ಟೆಸ್ಟ್ ಮಾಡಿಸಿದ್ರೆ ಉಂಟು, ಇಲ್ದಿದ್ರೆ ಇಲ್ಲ. ಆ ನೀರಲ್ಲಿ ಹಾಲಿನ ಪುಡಿ ಕಲಸಿ ಕುಡಿಸೋ ಎಳೇ ಮಗು ಇದ್ರೆ ರಕ್ತ ಆಮ್ಲಜನಕ ಸಾಗಿಸೋ ಶಕ್ತಿ ಕಳ್ಕೊಂಡು ಮಗು ನೀಲಿ ಆಗೋ ಅಪಾಯ ಇದೆ. ಈ ಕೆಲಸಕ್ಕೆ ಯಾರ ಹತ್ರ ಫೀ ವಸೂಲಿ ಮಾಡೋದು? ಇಂಥ ಜಾಗಕ್ಕೇ ಗ್ರಾಂಟ್ ಬೇಕಾಗೋದು.

ಈಗ ಅಪ್ಲಿಕೇಶನ್. ಮೊದಲು ಸ್ಯಾಮ್ ಡಾಟ್ ಗವ್ ಅನ್ನೋ ಸರ್ಕಾರಿ ವೆಬ್‌ಸೈಟಲ್ಲಿ ಡಿಪಾರ್ಟ್‌ಮೆಂಟ್ ಅಥವಾ ಕೌಂಟಿ ರಿಜಿಸ್ಟರ್ ಆಗಿರ್ಬೇಕು, ಅಲ್ಲಿ ಸಂಸ್ಥೆಯನ್ನ ಗುರುತಿಸೋಕೆ ಯುಇಐ ಅಂತ ಒಂದು ನಂಬರ್ ಕೊಡ್ತಾರೆ (2022ರ ಏಪ್ರಿಲ್ ತನಕ ಡನ್ಸ್ ನಂಬರ್ ಅಂತ ಬೇರೆ ಇತ್ತು, ಹಳೇ ಫೈಲಲ್ಲಿ ಅದು ಕಂಡ್ರೆ ಗಾಬರಿ ಬೇಡ). ಆಮೇಲೆ ಅರ್ಜಿ ಹಾಕೋ ಸೈಟು, ಗ್ರಾಂಟ್ಸ್ ಡಾಟ್ ಗವ್. ಆಮೇಲೆ ನೋಫೋ ಅನ್ನೋ ದಪ್ಪ ದಾಖಲೆ (ಗ್ರಾಂಟಿನ ಷರತ್ತೆಲ್ಲ ಇರೋ ಪ್ರಕಟಣೆ), ಅದನ್ನ ಮೊದಲಿಂದ ಕೊನೇತನಕ ಓದೋದು ಒಂದು ಶಿಕ್ಷೆ, ಆದ್ರೆ ಓದಲೇಬೇಕು, ಯಾಕಂದ್ರೆ ಪಾಯಿಂಟ್ಸ್ ಎಲ್ಲೆಲ್ಲಿ ಕೊಡ್ತಾರೆ ಅಂತ ಅದರಲ್ಲೇ ಬರೆದಿರುತ್ತೆ, ನೀವು ಎಷ್ಟೇ ಚೆನ್ನಾಗಿ ಕೆಲಸ ಮಾಡೋರಾಗಿದ್ರೂ ಆ ಪಾಯಿಂಟ್ಸ್ ಪ್ರಕಾರ ಬರೀದೇ ಇದ್ರೆ ರಿವ್ಯೂ ಮಾಡೋರು ಏನೂ ಮಾಡಕ್ಕಾಗಲ್ಲ. ಲಾಜಿಕ್ ಮಾಡೆಲ್ (ಯಾವ ಕೆಲಸದಿಂದ ಏನು ಫಲ ಅನ್ನೋ ನಕ್ಷೆ), ಎವ್ಯಾಲ್ಯುಯೇಶನ್ ಪ್ಲಾನ್, ವರ್ಕ್ ಪ್ಲಾನ್, ಬಜೆಟ್ ನರೇಟಿವ್, ಸಪೋರ್ಟ್ ಲೆಟರುಗಳು. ಇದರ ಮಧ್ಯೆ ಕೌಂಟಿ ಬೋರ್ಡ್ (ಕೌಂಟಿ ಆಡಳಿತ ಮಂಡಳಿ) ಒಪ್ಪಿಗೆ ಬೇರೆ, ಬೋರ್ಡ್ ಮೀಟಿಂಗ್ ಯಾವಾಗಲೂ ಡೆಡ್‌ಲೈನ್ ಆದ ಮೇಲಿನ ವಾರಕ್ಕೇ ಇರುತ್ತೆ, ಅದು ಯಾಕೋ ಏನೋ.

ನಂಗೆ ಸಿಟ್ಟು ಬರೋದು ಇಲ್ಲಿ. ದೇಶದ ಲೋಕಲ್ ಹೆಲ್ತ್ ಡಿಪಾರ್ಟ್‌ಮೆಂಟುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು 50,000ಕ್ಕಿಂತ ಕಮ್ಮಿ ಜನ ಇರೋ ಜಾಗದವು. ಅಂಥ ಕಡೆ ಸ್ಯಾನಿಟೇರಿಯನ್ ಅಂದ್ರೆ ಒಬ್ರೋ ಇಬ್ರೋ, ಬೆಳಿಗ್ಗೆ ಸೆಪ್ಟಿಕ್ ನೋಡಿ ಮಧ್ಯಾಹ್ನ ಸ್ಕೂಲ್ ಕಿಚನ್ ನೋಡಿ ಸಾಯಂಕಾಲ ನಾಯಿ ಕಚ್ಚಿದ ಕೇಸ್ ಬರ್ಕೊಳ್ಳೋರು. ಅವರು ಲಾಜಿಕ್ ಮಾಡೆಲ್ ಬರೆಯೋದು ಯಾವಾಗ? ದೊಡ್ಡ ಸಿಟಿಯ ಡಿಪಾರ್ಟ್‌ಮೆಂಟಲ್ಲಿ ಗ್ರಾಂಟ್ ಬರೆಯೋಕೇ ಒಂದು ಟೀಮ್ ಇರುತ್ತೆ, ಕಾಯಿಲೆ ಹರಡೋ ಲೆಕ್ಕ ನೋಡೋ ಎಪಿಡೆಮಿಯಾಲಜಿಸ್ಟ್ ಇರ್ತಾರೆ, ಡೇಟಾ ಇರುತ್ತೆ, ಸ್ಕೋರು ಅವರಿಗೇ ಹೋಗುತ್ತೆ. ಕೆಪ್ಯಾಸಿಟಿ ಬೆಳೆಸೋಕೆ ಅಂತ ಕೊಡೋ ದುಡ್ಡು ಪಡೆಯೋಕೆ ಮೊದಲೇ ಕೆಪ್ಯಾಸಿಟಿ ಇರ್ಬೇಕು, ಉಳ್ಳವರಿಗೇ ಮತ್ತಷ್ಟು ಬಡಿಸಿದ ಹಾಗೆ. ಅಲ್ದೇ ಬಹಳ ಫೆಡರಲ್ ಗ್ರಾಂಟು ಸ್ಟೇಟಿಗೆ ಹೋಗಿ ಅಲ್ಲಿಂದ ಕೌಂಟಿಗೆ ಇಳೀಬೇಕು, ಪಾಸ್-ಥ್ರೂ ಅಂತಾರೆ, ಇಳಿಯೋಷ್ಟರಲ್ಲಿ ಅರ್ಧ ವರ್ಷ ಕಳೆದಿರುತ್ತೆ.

ಈ ವಿಷಯದಲ್ಲಿ ನಂಗೆ ನಿಜವಾಗ್ಲೂ ಇಷ್ಟ ಆಗಿದ್ದು ನೇಹಾ-ಎಫ್‌ಡಿಎ ಗ್ರಾಂಟು. ನೇಹಾ ಅಂದ್ರೆ ನ್ಯಾಷನಲ್ ಎನ್ವಿರಾನ್‌ಮೆಂಟಲ್ ಹೆಲ್ತ್ ಅಸೋಸಿಯೇಶನ್, ನಮ್ಮ ವೃತ್ತಿಯವರ ಸಂಘ, ಎಫ್‌ಡಿಎ (ಆಹಾರ, ಔಷಧಿ ನೋಡ್ಕೊಳ್ಳೋ ಫೆಡರಲ್ ಸಂಸ್ಥೆ) ದುಡ್ಡನ್ನ ಇವರ ಮೂಲಕ ಹಂಚುತ್ತೆ, ಪೂರ್ತಿ ಹೆಸರು ರಿಟೇಲ್ ಫ್ಲೆಕ್ಸಿಬಲ್ ಫಂಡಿಂಗ್ ಮಾಡೆಲ್. ರೆಸ್ಟೋರೆಂಟು, ಗ್ರೋಸರಿ ಅಂಗಡಿ ಇನ್ಸ್‌ಪೆಕ್ಟ್ ಮಾಡೋ ಪ್ರೋಗ್ರಾಮುಗಳಿಗೆ ಇದು. ಎಫ್‌ಡಿಎಯ 9 ವಾಲಂಟರಿ ಸ್ಟ್ಯಾಂಡರ್ಡುಗಳಿವೆ, ಕಾನೂನಿನ ತಳಹದಿ, ಸ್ಟಾಫ್ ಟ್ರೈನಿಂಗ್, ಇನ್ಸ್‌ಪೆಕ್ಷನ್ ಎಲ್ರೂ ಒಂದೇ ಥರ ಮಾಡ್ತಾರಾ ಅನ್ನೋದು, ಔಟ್‌ಬ್ರೇಕ್ ಬಂದಾಗ ತಯಾರಿ, ಸಂಪನ್ಮೂಲ, ಹೀಗೆ. ಮೊದಲು ನಿಮ್ಮನ್ನ ನೀವೇ ಅಳೆದುಕೊಳ್ಳಿ, ಎಲ್ಲಿ ಹಿಂದಿದೀರಿ ನೋಡ್ಕೊಳ್ಳಿ, ಆಮೇಲೆ ಒಂದೊಂದೇ ಸರಿ ಮಾಡ್ಕೊಂಡು ಬನ್ನಿ ಅನ್ನೋ ದಾರಿ. ಈಗ ತಾನೇ ಶುರು ಮಾಡ್ತಿರೋರಿಗೆ ಚಿಕ್ಕ ಬೇಸ್ ಗ್ರಾಂಟ್, ಮುಂದೆ ಹೋಗಿರೋರಿಗೆ ಹೆಚ್ಚು ವರ್ಷದ್ದು, ಜೊತೆಗೆ ಬೇಕಿದ್ರೆ ಟ್ರೈನಿಂಗ್, ಮೆಂಟರ್‌ಶಿಪ್, ಸ್ಪೆಷಲ್ ಪ್ರಾಜೆಕ್ಟ್ ಅಂತ ಸೇರಿಸ್ಕೋಬಹುದು. ಮೊತ್ತ ನೋಡಿ ಇಷ್ಟೇನಾ ಅಂತ ಮೂಗು ಮುರೀಬೇಡಿ.

ಯಾಕಂದ್ರೆ ಆ ಸೆಲ್ಫ್ ಅಸೆಸ್‌ಮೆಂಟ್ ಮಾಡೋವಾಗ ಸಿಗೋ ಲೆಕ್ಕಗಳು ಗ್ರಾಂಟಿಗಿಂತ ದೊಡ್ಡ ದುಡ್ಡು ತರ್ತವೆ. ಸ್ಟ್ಯಾಂಡರ್ಡ್ 8ರಲ್ಲಿ ಒಂದು ಮಾತಿದೆ, 280ರಿಂದ 320 ಇನ್ಸ್‌ಪೆಕ್ಷನ್ನಿಗೆ ಒಬ್ಬ ಫುಲ್ ಟೈಮ್ ಇನ್ಸ್‌ಪೆಕ್ಟರ್ ಇರ್ಬೇಕು ಅಂತ. ನಮ್ಮಲ್ಲಿ ಒಬ್ಬೊಬ್ಬರ ತಲೆ ಮೇಲೆ ಅದಕ್ಕಿಂತ ಬಹಳ ಜಾಸ್ತಿ ಇತ್ತು, ಅದು ನಮಗೆ ಗೊತ್ತಿದ್ದ ವಿಷಯವೇ, ಆದ್ರೆ ಬೋರ್ಡ್ ಮುಂದೆ ಹೋಗಿ ಕೆಲಸ ಜಾಸ್ತಿ ಆಗ್ತಿದೆ ಸ್ವಾಮಿ ಅಂದ್ರೆ ಎಲ್ಲಾ ಡಿಪಾರ್ಟ್‌ಮೆಂಟೂ ಅದನ್ನೇ ಹೇಳುತ್ತೆ ಅಂತಿದ್ರು. ಎಫ್‌ಡಿಎ ಸ್ಟ್ಯಾಂಡರ್ಡ್ ಹೀಗಿದೆ, ನಾವು ಇಲ್ಲಿದೀವಿ ಅಂತ ಒಂದು ಹಾಳೆ ತೋರಿಸಿದ ಮೇಲೆ ಮಾತಿನ ಧಾಟಿಯೇ ಬದಲಾಯ್ತು, ಫೀ ಪರಿಷ್ಕರಣೆಗೆ ಒಪ್ಪಿದ್ರು, ಒಂದು ಪೋಸ್ಟ್ ಸ್ಯಾಂಕ್ಷನ್ ಆಯ್ತು, ಅದು ಗ್ರಾಂಟ್ ಪೋಸ್ಟ್ ಅಲ್ಲ, ಪರ್ಮನೆಂಟು. ಚಿಕ್ಕ ಗ್ರಾಂಟ್ ಬಗ್ಗೆ ಕೇಳೋರಿಗೆಲ್ಲ ನಾನು ಇದನ್ನೇ ಹೇಳೋದು.

ಮೆಂಟರ್‌ಶಿಪ್ ಬಗ್ಗೆಯೂ ಎರಡು ಮಾತು. ಬೇರೆ ಸ್ಟೇಟಿನ ಇನ್ನೊಂದು ಕೌಂಟಿಯವರು, ನಿಮಗಿಂತ ಸ್ವಲ್ಪ ಮುಂದೆ ಹೋಗಿರೋರು, ನಿಮ್ಮ ಜೊತೆ ಕೂತು ಅವರ ಫಾರ್ಮು, ಅವರ ಪಾಲಿಸಿ, ಅವರು ಎಡವಿದ ಜಾಗ ಎಲ್ಲಾ ತೋರಿಸ್ತಾರೆ. ನಮಗೆ ಸಿಕ್ಕ ಮೇಡಮ್ಮು ರಿಟೈರ್ಮೆಂಟ್ ಹತ್ರ ಇದ್ದೋರು, ಇನ್ಸ್‌ಪೆಕ್ಷನ್ ರಿಪೋರ್ಟ್ ನೋಡಿ ನಿಮ್ಮ ಇನ್ಸ್‌ಪೆಕ್ಟರ್ರು ನೆಲದ ಟೈಲ್ಸ್ ಬಗ್ಗೆ ಪ್ಯಾರಾ ಪ್ಯಾರಾ ಬರೀತಾರೆ, ಫ್ರಿಡ್ಜಲ್ಲಿ ಚಿಕನ್ 41 ಡಿಗ್ರಿ ಫ್ಯಾರನ್‌ಹೀಟ್ ಮೇಲಿದ್ರೆ ಒಂದು ಲೈನ್ ಬರೀತಾರೆ, ಜನ ಕಾಯಿಲೆ ಬೀಳೋದು ಯಾವುದರಿಂದ ಹೇಳಿ ಅಂದ್ರು. ಯಾರ ಹತ್ರಾನೂ ಉತ್ತರ ಇರ್ಲಿಲ್ಲ. ಮುಂದಿನ ಟ್ರೈನಿಂಗ್ ಪೂರ್ತಿ ಸಿಡಿಸಿಯವರು (ಕಾಯಿಲೆ ತಡೆಯೋ ಕೆಲಸದ ಫೆಡರಲ್ ಸಂಸ್ಥೆ) ಗುರುತಿಸಿರೋ ಐದು ರಿಸ್ಕ್ ಫ್ಯಾಕ್ಟರ್ ಮೇಲೇ ಆಯ್ತು, ಟೆಂಪರೇಚರ್, ಸರಿಯಾಗಿ ಬೇಯಿಸದೇ ಇರೋದು, ಕಲುಷಿತ ಪಾತ್ರೆ ಸಲಕರಣೆ, ಎಲ್ಲಿಂದ ಬಂತು ಅಂತ ಗೊತ್ತಿಲ್ಲದ ಆಹಾರ, ಕೈ ತೊಳೆಯದ ಸಿಬ್ಬಂದಿ. ದೇಶದಲ್ಲಿ ಆಹಾರದಿಂದ ವರ್ಷಕ್ಕೆ 4.8 ಕೋಟಿ ಜನ ಕಾಯಿಲೆ ಬೀಳ್ತಾರೆ, 3,000 ಜನ ಸಾಯ್ತಾರೆ ಅಂತ 2011ರಲ್ಲಿ ಸಿಡಿಸಿ ಅಂದಾಜು ಮಾಡಿತ್ತು, ಟೈಲ್ಸ್‌ನಿಂದ ಅಲ್ಲ.

ಸಿಡಿಸಿ ಗ್ರಾಂಟುಗಳಿಗೆ ಬರೋಣ. ಎನ್ವಿರಾನ್‌ಮೆಂಟಲ್ ಹೆಲ್ತ್ ಕೆಪ್ಯಾಸಿಟಿ ಅಂತಲೇ 2020ರಲ್ಲಿ ಒಂದು ಪ್ರೋಗ್ರಾಮ್ ಬಂತು, ಡೇಟಾ ನೋಡಿ ಅಪಾಯ ಗುರುತಿಸಿ ಕೆಲಸ ಮಾಡಿ ಅನ್ನೋದು ಅದರ ಸಾರ. ಅದಲ್ದೇ ಮಕ್ಕಳ ಲೆಡ್ ಪಾಯ್ಸನಿಂಗ್ (ಸೀಸದ ವಿಷ) ತಡೆಯೋ ಪ್ರೋಗ್ರಾಮ್ ಇದೆ, ಅದರ ಬೇರು 1988ರ ಕಾನೂನಲ್ಲಿದೆ. ಕಾಂಗ್ರೆಸ್ (ಅಮೆರಿಕದ ಸಂಸತ್ತು) 2002ರಲ್ಲಿ ದುಡ್ಡು ಕೊಟ್ಟು ಶುರು ಮಾಡಿಸಿದ ಟ್ರ್ಯಾಕಿಂಗ್ ನೆಟ್‌ವರ್ಕ್ ಇದೆ, ಗಾಳಿ, ನೀರು, ಬಿಸಿಲು ಒಂದು ಕಡೆ, ಅಸ್ತಮಾ, ಹಾರ್ಟ್ ಅಟ್ಯಾಕ್ ಇನ್ನೊಂದು ಕಡೆ ಇಟ್ಟು ನೋಡಬಹುದು, ಗ್ರಾಂಟ್ ಸಿಗದವರೂ ಆ ಡೇಟಾ ಫ್ರೀಯಾಗಿ ತಗೋಬಹುದು, ಅಪ್ಲಿಕೇಶನ್ ಬರೆಯೋವಾಗ ಚಿಕ್ಕ ಕೌಂಟಿಯವರಿಗೆ ಬಹಳ ಉಪಯೋಗ. 2022ರ ನವೆಂಬರಲ್ಲಿ ಪಬ್ಲಿಕ್ ಹೆಲ್ತ್ ಇನ್‌ಫ್ರಾಸ್ಟ್ರಕ್ಚರ್ ಗ್ರಾಂಟ್ ಅಂತ ದೊಡ್ಡದು ಬಂತು, 107 ಹೆಲ್ತ್ ಡಿಪಾರ್ಟ್‌ಮೆಂಟುಗಳಿಗೆ ಐದು ವರ್ಷಕ್ಕೆ, ಜನ ತಗೊಳ್ಳೋಕೆ, ಡೇಟಾ ಸಿಸ್ಟಮ್ ಸರಿ ಮಾಡೋಕೆ. ಅದು ಎನ್ವಿರಾನ್‌ಮೆಂಟಲ್ ಹೆಲ್ತಿಗೇ ಅಂತ ಅಲ್ಲ, ಕೇಳಿ ಕಿತ್ಕೊಂಡ್ರೆ ಮಾತ್ರ ನಮ್ಮ ವಿಭಾಗಕ್ಕೆ ಏನಾದ್ರೂ ಬರುತ್ತೆ, ಸುಮ್ನಿದ್ರೆ ನರ್ಸಿಂಗಿಗೋ ಐಟಿಗೋ ಹೋಗುತ್ತೆ.

ಇವುಗಳಲ್ಲಿ ಬಹಳಷ್ಟು ಗ್ರಾಂಟ್ ಅಲ್ಲ, ಕೋಆಪರೇಟಿವ್ ಅಗ್ರಿಮೆಂಟು. ಅಂದ್ರೆ ದುಡ್ಡು ಕೊಟ್ಟೋರು ಸುಮ್ನೆ ಕೂರಲ್ಲ, ಕೆಲಸದಲ್ಲಿ ಅವರೂ ಕೈ ಹಾಕ್ತಾರೆ, ತಿಂಗಳಿಗೊಂದು ಕಾಲ್, ವರ್ಕ್ ಪ್ಲಾನ್ ತಿದ್ದೋದು. ಶುರುವಲ್ಲಿ ಕಿರಿಕಿರಿ ಅನ್ಸುತ್ತೆ, ಆಮೇಲೆ ಅದೇ ಆಸ್ತಿ.

ಖರ್ಚಿನ ರೂಲ್ಸ್ ಗೊತ್ತಿರ್ಲಿ. ಸಿಡಿಸಿ ದುಡ್ಡಲ್ಲಿ ರಿಸರ್ಚ್ ಮಾಡೋ ಹಾಗಿಲ್ಲ, ಕ್ಲಿನಿಕಲ್ ಕೇರ್ ಕೊಡೋ ಹಾಗಿಲ್ಲ, ಫರ್ನಿಚರು ಎಕ್ವಿಪ್‌ಮೆಂಟು ಸಾಮಾನ್ಯವಾಗಿ ಬಿಡಲ್ಲ, ಬೇಕೇ ಬೇಕು ಅಂದ್ರೆ ಬಜೆಟಲ್ಲಿ ಬಿಡಿಸಿ ಬರೀಬೇಕು. ಇನ್‌ಡೈರೆಕ್ಟ್ ರೇಟ್ (ಆಫೀಸಿನ ಸಾಮಾನ್ಯ ಖರ್ಚಿನ ಪಾಲು) ಒಪ್ಪಂದ ಇಲ್ಲದ ಚಿಕ್ಕ ಡಿಪಾರ್ಟ್‌ಮೆಂಟುಗಳಿಗೆ ಮೊದಲು ಶೇಕಡ 10 ಇತ್ತು, 2024ರ ಅಕ್ಟೋಬರ್ 1ರಿಂದ ಶೇಕಡ 15 ತನಕ ತಗೋಬಹುದು, ಕರೆಂಟು ಬಾಡಿಗೆ ಅಕೌಂಟ್ಸ್ ಸಂಬಳ ಎಲ್ಲಾ ಅದರಲ್ಲೇ ಹುಟ್ಟೋದ್ರಿಂದ ಆ ಐದು ಪರ್ಸೆಂಟ್ ಕೇಳೋಕೆ ಮರೀಬೇಡಿ. ಫೆಡರಲ್ ಖರ್ಚು ವರ್ಷಕ್ಕೆ ಏಳೂವರೆ ಲಕ್ಷ ಡಾಲರ್ ಮುಟ್ಟಿದ್ರೆ ಸಿಂಗಲ್ ಆಡಿಟ್ (ಫೆಡರಲ್ ದುಡ್ಡಿನ ಕಡ್ಡಾಯ ಲೆಕ್ಕ ತಪಾಸಣೆ) ಆಗಬೇಕಿತ್ತು, ಅದನ್ನೂ 10 ಲಕ್ಷಕ್ಕೆ ಏರಿಸಿದಾರೆ. ಇವೆರಡೂ ಒಳ್ಳೇ ಬದಲಾವಣೆ, ಅರ್ಧ ಸ್ಟಾರ್ ಎಕ್ಸ್‌ಟ್ರಾ ಕೊಟ್ಟೆ.

ದುಡ್ಡಿಗೆ ಮೂರೇ ಯಾಕೆ ಕೊಟ್ಟೆ ಅಂದ್ರೆ, ಅದು ಜನರನ್ನ ತರುತ್ತೆ, ಉಳಿಸ್ಕೊಳ್ಳೋಕೆ ಬಿಡಲ್ಲ. ಐದು ವರ್ಷ ಅಂತ ಹೇಳಿದ್ರೂ ಪ್ರತೀ ವರ್ಷ ಕಾಂಗ್ರೆಸ್ ದುಡ್ಡು ಬಿಟ್ರೆ ಮಾತ್ರ ಮುಂದಿನ ವರ್ಷ. ನಮಗೆ ಒಂದು ಸಲ ಅವಾರ್ಡ್ ನೋಟಿಸೇ ತಡವಾಗಿ ಬಂತು (ಯಾವ ಏಜೆನ್ಸಿ ಅಂತ ಬೇಡ ಬಿಡಿ), ಬಂದ ಮೇಲೆ ಕೌಂಟಿ ಎಚ್‌ಆರ್ ಪೋಸ್ಟ್ ಸೃಷ್ಟಿ ಮಾಡಿ ಜಾಹೀರಾತು ಕೊಟ್ಟು ಇಂಟರ್‌ವ್ಯೂ ಮಾಡೋಷ್ಟರಲ್ಲಿ ಬಜೆಟ್ ವರ್ಷ ಮುಗೀತಾ ಬಂದಿತ್ತು, ಉಳಿದ ದುಡ್ಡನ್ನ ಮುಂದಕ್ಕೆ ಒಯ್ಯೋಕೆ ಮತ್ತೊಂದು ಅರ್ಜಿ, ಆ ಅರ್ಜಿಗೆ ಉತ್ತರ ಬರೋಕೆ ಮತ್ತೆ ಕಾಯೋದು. ಅಂತೂ ಒಬ್ಬ ಒಳ್ಳೇ ಹುಡುಗಿ ಸೇರಿದ್ಲು, ಬಾವಿ ಟೆಸ್ಟಿಂಗ್ ಪ್ರೋಗ್ರಾಮ್ ಪೂರ್ತಿ ಅವಳೇ ಕಟ್ಟಿದ್ಲು, ಪ್ರತೀ ಮನೆಯವರ ಹೆಸರು ಅವಳಿಗೆ ಗೊತ್ತಿತ್ತು, ಗ್ರಾಂಟ್ ಮುಗಿಯೋಕೆ ಮುಂಚೇನೇ ಪಕ್ಕದ ಸ್ಟೇಟಲ್ಲಿ ಪರ್ಮನೆಂಟ್ ಕೆಲಸ ಸಿಕ್ತು ಅಂತ ಹೋದ್ಲು. ತಪ್ಪು ಅವಳದಲ್ಲ, ಮನೆ ಬಾಡಿಗೆ ಕಟ್ಟೋರು ಯಾರೇ ಆದ್ರೂ ಅದನ್ನೇ ಮಾಡ್ತಾರೆ. ಸ್ಪ್ರೆಡ್‌ಶೀಟ್ ಉಳೀತು, ಫೋನ್ ಮಾಡಿ ನೀರು ಟೆಸ್ಟ್ ಮಾಡಿಸಿದ್ರಾ ಅಂತ ಕೇಳೋರು ಇಲ್ಲ.

ಜನಕ್ಕೆ ಐದು ಸ್ಟಾರ್ ಯಾಕೆ ಅನ್ನೋದಕ್ಕೆ ಒಂದು ಪ್ರಸಿದ್ಧ ಕೇಸ್ ಹೇಳ್ತೀನಿ. 2023ರಲ್ಲಿ ನಾರ್ತ್ ಕೆರೊಲಿನಾದಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಜಾಸ್ತಿ ಬಂತು, ರೊಟೀನ್ ಟೆಸ್ಟಲ್ಲಿ ಸಿಕ್ಕಿದ್ದು. ಇಂಥ ಕೇಸಲ್ಲಿ ಎನ್ವಿರಾನ್‌ಮೆಂಟಲ್ ಹೆಲ್ತ್‌ನವರು ಮನೆಗೆ ಹೋಗಿ ಪೇಂಟು, ಧೂಳು, ಮಣ್ಣು, ನೀರು ಎಲ್ಲಾ ನೋಡ್ತಾರೆ, ಮಾಮೂಲಿಯಾಗಿ ಪೇಂಟಲ್ಲೇ ಸಿಗುತ್ತೆ. ಇಲ್ಲಿ ಮನೇಲಿ ಸಿಗ್ಲಿಲ್ಲ. ಅಷ್ಟಕ್ಕೇ ಬಿಡದೇ ಮಕ್ಕಳು ಏನೇನು ತಿಂತಾರೆ ಅಂತ ಹೋಗಿ ನೋಡಿದಾಗ ಸಿಕ್ಕಿದ್ದು ವಾನಾಬಾನಾ ಅನ್ನೋ ಬ್ರಾಂಡಿನ ಆ್ಯಪಲ್ ಸಿನ್ನಮನ್ ಪೌಚು, ದಾಲ್ಚಿನ್ನಿ ಪುಡೀಲಿ ಸೀಸ. ಅಕ್ಟೋಬರ್ ಕೊನೇಲಿ ಎಫ್‌ಡಿಎ ಎಚ್ಚರಿಕೆ ಕೊಡ್ತು, ಕೊನೆಗೆ ಶಂಕಿತ ಕೇಸೂ ಸೇರಿ ದೇಶದಾದ್ಯಂತ 500ಕ್ಕೂ ಹೆಚ್ಚು ಆಯ್ತು. ಆ ಮನೆಗಳಿಗೆ ಹೋದೋರು ಅಲ್ಲೇ ನಿಲ್ಲಿಸಿದ್ರೆ ಎಷ್ಟು ಮಕ್ಕಳು ಇನ್ನೂ ಎಷ್ಟು ತಿಂಗಳು ಅದನ್ನೇ ತಿಂತಿದ್ರೋ. ಹೀಗೆ ಬಿಡದೇ ಹುಡುಕೋ ಇನ್ವೆಸ್ಟಿಗೇಟರ್‌ನ ತಯಾರು ಮಾಡೋಕೆ ವರ್ಷಗಳು ಬೇಕು, ಅವರಿಗೆ ಸಂಶಯ ಬಂದಾಗ ಕೇಳೋಕೆ ಮೇಲೊಬ್ಬರು ಇರ್ಬೇಕು. 2021ರಲ್ಲಿ ಸಿಡಿಸಿ ಬ್ಲಡ್ ಲೆಡ್ ರೆಫರೆನ್ಸ್ ಮಟ್ಟವನ್ನ (ಮಗುವಿನ ರಕ್ತದಲ್ಲಿ ಸೀಸ ಜಾಸ್ತಿ ಅಂತ ಗುರುತಿಸೋ ಗೆರೆ) ಡೆಸಿಲೀಟರಿಗೆ 5 ಮೈಕ್ರೋಗ್ರಾಂನಿಂದ 3.5ಕ್ಕೆ ಇಳಿಸಿದಾಗ ನಮ್ಮ ಕೇಸ್ ಲಿಸ್ಟ್ ಒಮ್ಮೆಲೇ ಉದ್ದ ಆಯ್ತು, ಯಾವುದಕ್ಕೆ ಮನೆಗೆ ಹೋಗ್ಬೇಕು, ಯಾವುದಕ್ಕೆ ಫೋನ್ ಸಾಕು ಅಂತ ತೀರ್ಮಾನ ಮಾಡೋಕೆ ಸಹಾಯ ಮಾಡಿದ್ದು ಅಂಥ ಮೇಲಿನ ಜನವೇ.

2025ರ ಏಪ್ರಿಲ್ 1ಕ್ಕೆ ಆ ಜನಕ್ಕೇ ಕತ್ತರಿ ಬಿತ್ತು. ಸಿಡಿಸಿ, ಎಫ್‌ಡಿಎ ಎರಡೂ ಸೇರಿರೋ ಫೆಡರಲ್ ಆರೋಗ್ಯ ಇಲಾಖೆ ಎಚ್‌ಎಚ್‌ಎಸ್‌ನಲ್ಲಿ ಸುಮಾರು 10,000 ಜನರನ್ನ ತೆಗೆದಾಗ ಸಿಡಿಸಿಯ ಲೆಡ್ ಟೀಮ್ ಪೂರ್ತಿ ಹೋಯ್ತು. ಸರಿಯಾಗಿ ಅದೇ ಹೊತ್ತಿಗೆ ಮಿಲ್ವಾಕಿಯಲ್ಲಿ ಹಳೇ ಸ್ಕೂಲ್ ಬಿಲ್ಡಿಂಗುಗಳ ಪೇಂಟಿನಿಂದ ಮಕ್ಕಳಿಗೆ ಸೀಸ ಏರಿತ್ತು, ಸ್ಕೂಲುಗಳನ್ನ ಮುಚ್ಚಿದ್ರು, ಸಿಟಿ ಹೆಲ್ತ್ ಡಿಪಾರ್ಟ್‌ಮೆಂಟ್ ಸಿಡಿಸಿಯ ಸಹಾಯ ಕೇಳ್ತು, ಕಳಿಸೋಕೆ ಜನ ಇಲ್ಲ ಅಂತ ಉತ್ತರ ಬಂತು. ಅದಕ್ಕೆ ಮುಂಚೆ ಮಾರ್ಚಲ್ಲಿ ಕೋವಿಡ್ ಕಾಲದ ಸುಮಾರು 1,140 ಕೋಟಿ ಡಾಲರ್ ಗ್ರಾಂಟನ್ನ ಮಧ್ಯದಲ್ಲೇ ಕ್ಯಾನ್ಸಲ್ ಮಾಡಿದ್ರು, ಸ್ಟೇಟುಗಳು ಕೋರ್ಟಿಗೆ ಹೋಗಿ ತಡೆ ತಂದ್ವು. ಜೂನಲ್ಲಿ ಸಿಡಿಸಿಯ 400ಕ್ಕೂ ಹೆಚ್ಚು ಜನರನ್ನ ವಾಪಸ್ ಕರೆದ್ರು, ಲೆಡ್ ವಿಭಾಗದವರೂ ಅದರಲ್ಲಿದ್ರು, ಒಳ್ಳೇದಾಯ್ತು. ಆದ್ರೆ ಒಂದು ಸಲ ಹೀಗಾದ ಮೇಲೆ ಕೌಂಟಿ ಫೈನಾನ್ಸ್‌ನವರ ಮುಖ ನೋಡ್ಬೇಕು ನೀವು, ಫೆಡರಲ್ ಗ್ರಾಂಟ್ ಅಂದ ತಕ್ಷಣ ಈ ಪೋಸ್ಟ್ ನಾಳೆ ನಮ್ಮ ತಲೆಗೆ ಬಂದ್ರೆ ಅಂತಾರೆ. ಅವರನ್ನ ಬೈಯೋ ಹಾಗೂ ಇಲ್ಲ.

ಹಾಗಾದ್ರೆ ಹಾಕ್ಬೇಕಾ ಬೇಡ್ವಾ. ಚಿಕ್ಕ ಕೌಂಟಿ, ಇಬ್ರು ಮೂರು ಜನ ಇರೋರು ಆದ್ರೆ ನೇಹಾ-ಎಫ್‌ಡಿಎ ಚಿಕ್ಕ ಬೇಸ್ ಗ್ರಾಂಟಿಂದ ಶುರು ಮಾಡಿ, ಮೆಂಟರ್‌ಶಿಪ್ ತಪ್ಪದೇ ಸೇರಿಸಿ. ಸಿಡಿಸಿ ಕಾಂಪಿಟಿಟಿವ್ ಗ್ರಾಂಟಿಗೆ ಒಬ್ಬರೇ ಹೋಗ್ಬೇಡಿ, ಅಕ್ಕಪಕ್ಕದ ಕೌಂಟಿಗಳು ಸೇರಿ ಒಬ್ಬರ ಹೆಸರಲ್ಲಿ ಹಾಕಿ ಅಥವಾ ಸ್ಟೇಟಿನವರು ಬರೆಯೋವಾಗಲೇ ಹೋಗಿ ನಮ್ಮ ಪಾಲು ಬರೀರಿ ಅಂತ ಕೂತ್ಕೊಳ್ಳಿ. ಪೋಸ್ಟ್ ಕೇಳೋದಾದ್ರೆ ಮೂರನೇ ವರ್ಷದಿಂದ ಸಂಬಳದ ಒಂದು ಭಾಗ ಫೀಯಿಂದ ಬರೋ ಹಾಗೆ ಬೋರ್ಡ್ ಹತ್ರ ಮೊದಲೇ ಮಾತಾಡಿ, ಫೀ ಬರದ ಕೆಲಸಕ್ಕೆ ಸಾಧ್ಯ ಆದಷ್ಟೂ ಟ್ರೈನಿಂಗು, ಡೇಟಾ ಸಿಸ್ಟಮ್ಮು, ಲ್ಯಾಬ್ ಒಪ್ಪಂದ ಅಂತ ಉಳಿಯೋ ವಸ್ತುಗಳ ಮೇಲೆ ದುಡ್ಡು ಹಾಕಿ. ಗ್ರಾಂಟ್ ಬರೆಯೋಕೆ ಕನ್ಸಲ್ಟೆಂಟ್ ಇಟ್ಕೊಳ್ಳೋದಾ ಅಂತ ಇಬ್ರು ಕೇಳಿದ್ರು, ಬಜೆಟ್ ನೋಡಿಸೋಕೆ ಆದ್ರೆ ಸರಿ, ನರೇಟಿವ್ ಬರೆಸೋಕೆ ಬೇಡ, ನಿಮ್ಮ ಊರಿನ ಬಾವಿ ಅವರಿಗೆ ಗೊತ್ತಿರಲ್ಲ.

ಇನ್ನೊಂದು, ಸ್ಯಾಮ್ ರಿಜಿಸ್ಟ್ರೇಷನ್ ವರ್ಷಕ್ಕೊಮ್ಮೆ ಎಕ್ಸ್‌ಪೈರ್ ಆಗುತ್ತೆ. ನಿಮ್ಮ ಕೌಂಟಿದು ಯಾವಾಗ ಮುಗಿಯುತ್ತೆ, ಲಾಗಿನ್ ಯಾರ ಹತ್ರ ಇದೆ ಅಂತ ಇವತ್ತೇ ಕೇಳ್ಕೊಳ್ಳಿ, ಆ ಲಾಗಿನ್ ಇಟ್ಕೊಂಡಿದ್ದೋರು ರಿಟೈರ್ ಆಗಿ ಫ್ಲೋರಿಡಾಕ್ಕೆ ಹೋಗಿರೋ ಚಾನ್ಸ್ ಬಹಳ ಇರುತ್ತೆ.